ಉಸಿರು ಬಿಡುವುದನ್ನು ಕಲಿಯುವುದು

ಕಲಬುರಗಿಯಲ್ಲಿ ಹಿರಿಯ ನಾಗರಿಕರು ಮತ್ತು ಅವರ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಕೆಲವರ ಕೋರಿಕೆಯ ಮೇರೆಗೆ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ಕೈ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿಯೇ ಹೇಳಬೇಕಾದ್ದರಿಂದ ಕೆಲವೆಡೆ ವಿವರ ಉದ್ದವಾಗಿದೆ.

ಹಿರಿಯರಿಗೆ, ತಾಯಂದಿರಿಗೆ, ಅವರನ್ನು ಕರೆತಂದಿರುವ ಮಕ್ಕಳು ಸೊಸೆಯಂದಿರಿಗೆ ನಮಸ್ಕಾರ. ನಾವು ಇಂದು ಮಾತನಾಡಲಿರುವ ತೊಂದರೆಗೆ ನಮ್ಮ ಭಾಗದಲ್ಲಿ ಹೆಸರುಗಳು ಅನೇಕ. ದಮ್ಮು ಹತ್ತಿತು ಎನ್ನುತ್ತೇವೆ, ತೇಕು ಬಂತು ಎನ್ನುತ್ತೇವೆ, ಉಬ್ಬಸ, ಏದುಸಿರು, ಎದೆ ಬಿಗಿತ ಎಂದೂ ಹೇಳುತ್ತೇವೆ. ಹೆಸರು ಯಾವುದಾದರೂ ನನ್ನ ಮುಂದೆ ಬಂದು ಕುಳಿತವರು ಹೇಳುವ ದೂರು ಬಹುಮಟ್ಟಿಗೆ ಒಂದೇ: “ಉಸುರು ಒಳಗ ಹೋಗವಲ್ದರಿ.” ಫಿಸಿಯೋಥೆರಪಿಯ ಕೆಲಸದಲ್ಲಿ ಈ ಮಾತನ್ನು ನಾನು ಇಷ್ಟು ವರ್ಷ ಕೇಳುತ್ತ ಬಂದಿದ್ದೇನೆ. ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಇಷ್ಟೇ: ಹೀಗೆ ಹೇಳುವವರಲ್ಲಿ ಬಹಳ ಜನರಿಗೆ ಹಳೆಯ ಉಸಿರು ಪೂರ್ತಿ ಹೊರಗೆ ಹೋಗಿರುವುದಿಲ್ಲ, ಆದ್ದರಿಂದಲೇ ಹೊಸದಕ್ಕೆ ಒಳಗೆ ಜಾಗ ಸಿಗುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನ ತಾಯಿಯಿಂದ, ಅದೂ ತಡವಾಗಿ. ಅವರು ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮದುವೆಯಾಗಿ ಬಂದ ದಿನದಿಂದ ಒಲೆಯ ಮುಂದೆ ಕುಳಿತವರು. ಸುಗ್ಗಿ ಮುಗಿದ ಮೇಲೆ ತೊಗರಿ ಕಟ್ಟಿಗೆ, ಅದು ತೀರಿದ ಮೇಲೆ ಕುಳ್ಳು; ಬೆಳಿಗ್ಗೆ ಸ್ನಾನದ ನೀರಿನಿಂದ ರಾತ್ರಿಯ ರೊಟ್ಟಿಯವರೆಗೆ ಆ ಹೊಗೆಯೇ. ಬೀಡಿಯನ್ನು ಅವರು ಕೈಯಿಂದಲೂ ಮುಟ್ಟಿದವರಲ್ಲ. ಐವತ್ತು ದಾಟಿದ ಮೇಲೆ ಕೆಮ್ಮು, ಕಫ, ಮೆಟ್ಟಿಲು ಹತ್ತಿದರೆ ದಮ್ಮು ಶುರುವಾದಾಗ ಹಲವು ವರ್ಷ ಅವರಿಗೆ ಸಿಕ್ಕಿದ್ದು ಕೆಮ್ಮಿನ ಸಿರಪ್ಪು ಮಾತ್ರ, ಏಕೆಂದರೆ ಬೀಡಿ ಸೇದದ ಹೆಂಗಸಿಗೆ ಶ್ವಾಸಕೋಶದ ದೊಡ್ಡ ಕಾಯಿಲೆ ಇರಬಹುದೆಂದು ಯಾರಿಗೂ ಅನಿಸಲಿಲ್ಲ. ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನನಗೂ ಅನಿಸಲಿಲ್ಲ. ಒಂದು ರಾತ್ರಿ ಅವರು ಹಾಸಿಗೆಯಲ್ಲಿ ಎದ್ದು ಕುಳಿತು, ಎರಡೂ ಕೈಗಳನ್ನು ಮಂಚದ ಪಟ್ಟಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರಿಗಾಗಿ ಒದ್ದಾಡುತ್ತಿದ್ದಾಗ ನಾನು ಪಕ್ಕದಲ್ಲಿ ನಿಂತು, “ಯವ್ವಾ, ಜೋರ್ ಉಸುರು ತಗೋ, ಇನ್ನಾ ಎಳಿ, ಇನ್ನಾ ಎಳಿ” ಎಂದು ಒತ್ತಾಯಿಸುತ್ತಿದ್ದೆ. ಅವರು ಮಾತನಾಡಲಾಗದೆ ನನ್ನ ಕೈಯನ್ನು ತಳ್ಳಿದರು. ಮುಂದೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಮುಂದೆ ಇದನ್ನು ಹೇಳಿಕೊಂಡಾಗ ಅವರು ಅಂದರು: “ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಿದ್ದೀ.”

ಆ ಮಾತಿನ ಅರ್ಥವನ್ನು ತುಸು ಬಿಡಿಸಿ ಹೇಳುತ್ತೇನೆ. ನಮ್ಮ ಶ್ವಾಸಕೋಶಗಳೊಳಗೆ ಕವಲೊಡೆಯುತ್ತ ಹೋಗುವ ಗಾಳಿಯ ಕೊಳವೆಗಳಿವೆ, ಅವುಗಳ ತುದಿಯಲ್ಲಿ 30 ಕೋಟಿಗೂ ಹೆಚ್ಚು ಸಣ್ಣ ಗಾಳಿಯ ಚೀಲಗಳಿವೆ. ಎದೆ ಮತ್ತು ಹೊಟ್ಟೆಯ ನಡುವೆ ಬಿಚ್ಚಿದ ಕೊಡೆಯಂತೆ ಹರಡಿಕೊಂಡಿರುವ ವಪೆ ಎಂಬ ಸ್ನಾಯು ಕೆಳಗಿಳಿದಾಗ ಗಾಳಿ ಒಳಗೆ ಬರುತ್ತದೆ. ಹೊರಗೆ ಹೋಗಲು ಆರೋಗ್ಯವಂತರು ಸುಮ್ಮನಿದ್ದಾಗ ಯಾವ ಶ್ರಮವನ್ನೂ ಪಡಬೇಕಿಲ್ಲ. ಎಳೆದು ಬಿಟ್ಟ ರಬ್ಬರಿನಂತೆ ಶ್ವಾಸಕೋಶವು ತಾನೇ ಕುಗ್ಗಿ ಗಾಳಿಯನ್ನು ಹೊರಹಾಕುತ್ತದೆ. ಬೀಡಿ, ಸಿಗರೇಟು, ಒಲೆಯ ಹೊಗೆ, ಧೂಳುಗಳಿಂದ ಬರುವ ಸಿಓಪಿಡಿ ಎಂಬ ಕಾಯಿಲೆಯಲ್ಲಿ ಈ ರಬ್ಬರಿನ ಗುಣವೇ ಸಡಿಲವಾಗುತ್ತದೆ, ಕೊಳವೆಗಳು ಕಫದಿಂದಲೂ ಊತದಿಂದಲೂ ಕಿರಿದಾಗುತ್ತವೆ, ಉಸಿರು ಬಿಡುವ ಹೊತ್ತಿಗೆ ಅವು ಮಧ್ಯದಲ್ಲಿಯೇ ಮುಚ್ಚಿಕೊಳ್ಳುತ್ತವೆ. ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಅದರ ಮೇಲೆ ಅವಸರದಲ್ಲಿ ಮತ್ತೊಂದು ಉಸಿರು ಎಳೆದರೆ ಇನ್ನಷ್ಟು ಸಿಕ್ಕಿಬೀಳುತ್ತದೆ. ನಮ್ಮ ಬಸ್ ನಿಲ್ದಾಣದಲ್ಲಿ ಜಾತ್ರೆಯ ದಿನ ನೋಡಿದ್ದೀರಿ: ಇಳಿಯುವವರನ್ನು ಇಳಿಯಗೊಡದೆ ಹತ್ತುವವರೆಲ್ಲ ಬಾಗಿಲಿಗೆ ನುಗ್ಗಿದರೆ ಯಾರೂ ಇಳಿಯುವುದಿಲ್ಲ, ಯಾರೂ ಹತ್ತುವುದಿಲ್ಲ. ದಮ್ಮು ಹತ್ತಿದವರ ಎದೆಯೊಳಗೆ ನಡೆಯುವುದು ಅದೇ.

ವೈದ್ಯರು ಈ ಕಾಯಿಲೆಯನ್ನು ಗುರುತಿಸುವ ಸ್ಪೈರೋಮೆಟ್ರಿ ಪರೀಕ್ಷೆಯೂ ಮುಖ್ಯವಾಗಿ ಅಳೆಯುವುದು ನಾವು ಬಿಡುವ ಉಸಿರನ್ನೇ ಎಂಬುದನ್ನು ಗಮನಿಸಬೇಕು. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ಅವರು 1846ರಲ್ಲಿ ತಮ್ಮ ಸ್ಪೈರೋಮೀಟರಿನ ವಿವರಗಳನ್ನು ಪ್ರಕಟಿಸಿದಂದಿನಿಂದ ಸಾಧನ ಬಹಳ ಬದಲಾಗಿದೆ, ತತ್ತ್ವ ಬದಲಾಗಿಲ್ಲ. ತುಂಬ ಉಸಿರೆಳೆದು ಜೋರಾಗಿ, ಪೂರ್ತಿಯಾಗಿ ಊದಬೇಕು. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಪಾಲು ಹೊರಬಂತು ಎಂದು ನೋಡುತ್ತಾರೆ. ಕೊಳವೆ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಆ ಪಾಲು ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಗಾಳಿ ಹೊರಬರುವ ದಾರಿಯಲ್ಲಿ ಅಡ್ಡಿಯಿದೆ ಎಂದರ್ಥ. ನೋವಿಲ್ಲದ, ಸೂಜಿಯಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಇದು. ವರ್ಷಗಟ್ಟಲೆ ಕೆಮ್ಮು ಮತ್ತು ದಮ್ಮು ಇರುವವರು, ಅದರಲ್ಲೂ ಒಲೆಯ ಮುಂದೆ ಬದುಕು ಸವೆಸಿದ ನಮ್ಮ ತಾಯಂದಿರು, ಒಮ್ಮೆ ಇದನ್ನು ಮಾಡಿಸಿಕೊಳ್ಳಲೇಬೇಕು.

ಹೀಗೆ ಹೇಳಲು ಇನ್ನೊಂದು ಕಾರಣವಿದೆ. ಏದುಸಿರಿಗೆ ಕಾರಣ ಶ್ವಾಸಕೋಶವೇ ಆಗಿರಬೇಕೆಂದಿಲ್ಲ. ರಕ್ತಹೀನತೆಯಿಂದ ದಮ್ಮು ಬರುತ್ತದೆ. ಹೃದಯ ದುರ್ಬಲವಾದರೂ ಬರುತ್ತದೆ; ಅಂಥವರಿಗೆ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಸಂಜೆಯ ಹೊತ್ತಿಗೆ ಪಾದಗಳು ಬಾತುಕೊಳ್ಳುತ್ತವೆ. ಕ್ಷಯರೋಗ ಪೂರ್ತಿ ವಾಸಿಯಾದ ಮೇಲೂ ಅದು ಬಿಟ್ಟುಹೋದ ಗಾಯದ ಕಲೆಗಳಿಂದ ದಮ್ಮು ಉಳಿಯಬಹುದು. ಶಹಾಬಾದಿ ಫರಸಿ ಕೊರೆಯುವ, ಪಾಲಿಶ್ ಮಾಡುವ ಕೆಲಸದಲ್ಲಿದ್ದವರು, ದಾಲ್ ಮಿಲ್ಲಿನ ಧೂಳಿನಲ್ಲಿ ದುಡಿದವರು ತಮ್ಮ ಕೆಲಸದ ವಿವರವನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು, ಕೇಳಲಿ ಎಂದು ಕಾಯಬಾರದು. ಕಾರಣ ತಿಳಿಯದೆ ಉಸಿರಿನ ವ್ಯಾಯಾಮವನ್ನಷ್ಟೇ ನೆಚ್ಚಿಕೊಂಡು ಕುಳಿತರೆ ಚಿಕಿತ್ಸೆಯ ಕಾಲ ಕಳೆದುಹೋಗುತ್ತದೆ.

ಈಗ ವ್ಯಾಯಾಮಕ್ಕೆ ಬರೋಣ. ಇಂದು ಒಂದನ್ನೇ ಕಲಿತುಹೋಗುವುದಾದರೆ ಇದನ್ನು ಕಲಿಯಿರಿ. ಭುಜಗಳನ್ನು ಇಳಿಬಿಟ್ಟು ಕುಳಿತುಕೊಳ್ಳಿ. ಬಾಯಿ ಮುಚ್ಚಿ, ಮೂಗಿನಿಂದ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಸಾಮಾನ್ಯ ಉಸಿರೆಳೆಯಿರಿ. ಎದೆ ತುಂಬ ಎಳೆಯಬೇಕಾಗಿಲ್ಲ. ಬಳಿಕ ತುಟಿಗಳನ್ನು ಸಿಳ್ಳೆ ಹಾಕುವವರಂತೆ ಕೂಡಿಸಿ, ಒಂದರಿಂದ ನಾಲ್ಕರವರೆಗೆ ಎಣಿಸುತ್ತ ಮೆಲ್ಲಗೆ ಬಿಡಿ. ನಾಲ್ಕು ಸಾಧ್ಯವಾಗದಿದ್ದರೆ ಮೂರು. ಎಳೆದದ್ದಕ್ಕಿಂತ ಬಿಟ್ಟದ್ದು ಉದ್ದವಾಗಿರಬೇಕೆಂಬುದೇ ಇದರ ನಿಯಮ.

ಇದನ್ನು ಹೇಳಿಕೊಡುವಾಗ ನಾನು ಕಂಡ ತಪ್ಪು ಒಂದಿದೆ. ನಮ್ಮ ಕೊಠಡಿಗೆ ಬರುತ್ತಿದ್ದ ಆಯಿಯೊಬ್ಬರು, ಚಿತ್ತಾಪುರದ ಕಡೆಯವರು, ತುಟಿ ಕೂಡಿಸಿ ಊದಿರಿ ಎಂದ ತಕ್ಷಣ ಕೆನ್ನೆ ಉಬ್ಬಿಸಿ, ಕುತ್ತಿಗೆಯ ನರ ಬಿಗಿದು, ಒಂದೇ ಏಟಿಗೆ ಜೋರಾಗಿ ಊದಿಬಿಟ್ಟರು. ಊದಿ ಮುಗಿಯುವಷ್ಟರಲ್ಲಿ ಇನ್ನಷ್ಟು ತೇಕುತ್ತಿದ್ದರು. ಏನು ನೆನಪಾಯಿತು ಆಯಿ ಎಂದು ಕೇಳಿದರೆ, “ಊದುಗೊಳವಿ ಊದಿದಂಗ ಊದಿದ್ನೆಪ್ಪ” ಎಂದರು. ಐವತ್ತು ವರ್ಷ ಒಲೆಯನ್ನು ಊದಿದ ಬಾಯಿಗೆ ಊದುವುದೆಂದರೆ ಅದೇ ಅಲ್ಲವೇ. ಅಂದು ನಾನು ಚಹಾ ತರಿಸಿ, ಬಸಿಯಲ್ಲಿ ಸುರಿದು ಅವರ ಕೈಗೆ ಕೊಟ್ಟು, ಚಹಾ ಚೆಲ್ಲದಂತೆ ಆರಿಸಿರಿ ಎಂದೆ. ಅವರು ಬಸಿಯನ್ನು ತುಟಿಯ ಹತ್ತಿರ ಹಿಡಿದು ಊದಿದರು. ಚಹಾದ ಮೇಲೆ ಸಣ್ಣ ನಿರಿಗೆಗಳು ಎದ್ದು ಅಂಚಿನವರೆಗೆ ಹೋಗುತ್ತಿದ್ದವು, ಒಂದು ಹನಿಯೂ ಅಂಚು ದಾಟಲಿಲ್ಲ. ಕೆನ್ನೆ ಉಬ್ಬಿರಲಿಲ್ಲ, ಕುತ್ತಿಗೆ ಸಡಿಲವಾಗಿತ್ತು. ಐದಾರು ಸಲ ಊದುವಷ್ಟರಲ್ಲಿ ನಿಮಿಷಕ್ಕೆ 28 ಇದ್ದ ಅವರ ಉಸಿರಾಟ 20ಕ್ಕೆ ಇಳಿದಿತ್ತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇದನ್ನೇ: ಒಲೆ ಊದುವ ಉಸಿರು ಬೇಡ, ಬಸಿ ಆರಿಸುವ ಉಸಿರು ಬೇಕು.

ತುಟಿ ಕೂಡಿಸಿದ್ದರಿಂದ ಒಳಗೆ ಏನಾಗುತ್ತದೆ? ಹೊರಹೋಗುವ ಗಾಳಿಗೆ ಬಾಯಿಯ ಬಳಿ ಸಣ್ಣ ತಡೆ ಸಿಗುತ್ತದೆ, ಆ ತಡೆಯಿಂದ ಹಿಂದಿನ ಕೊಳವೆಗಳಲ್ಲಿ ತುಸು ಒತ್ತಡ ನಿಲ್ಲುತ್ತದೆ, ಆ ಒತ್ತಡವು ಮಧ್ಯದಲ್ಲಿಯೇ ಮುಚ್ಚಿಕೊಳ್ಳಲಿದ್ದ ಕೊಳವೆಗಳನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಜೊತೆಗೆ ಉಸಿರಾಟದ ಗತಿ ತಾನಾಗಿಯೇ ನಿಧಾನವಾಗುತ್ತದೆ. ನಿಧಾನದ ಲಾಭ ಎಷ್ಟೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ನಾವು ಎಳೆಯುವ ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿ ಲೀಟರ್ ಗಾಳಿ ಮೂಗು, ಗಂಟಲು, ದೊಡ್ಡ ಕೊಳವೆಗಳಲ್ಲಿಯೇ ಉಳಿಯುತ್ತದೆ, ರಕ್ತಕ್ಕೆ ಅದರಿಂದ ಪ್ರಯೋಜನವಿಲ್ಲ. ನಿಮಿಷಕ್ಕೆ 30 ಸಲ, ಸಲಕ್ಕೆ 200 ಮಿಲಿ ಲೀಟರಿನಂತೆ ಮೇಲುಮೇಲೆ ಉಸಿರಾಡುವವರು ಒಟ್ಟು 6 ಲೀಟರ್ ಗಾಳಿ ಎಳೆಯುತ್ತಾರೆ, ಆದರೆ ಗಾಳಿಯ ಚೀಲಗಳಿಗೆ ತಲುಪುವುದು ಒಂದೂವರೆ ಲೀಟರ್ ಮಾತ್ರ. ನಿಮಿಷಕ್ಕೆ 12 ಸಲ, ಸಲಕ್ಕೆ 500 ಮಿಲಿ ಲೀಟರಿನಂತೆ ಉಸಿರಾಡುವವರೂ ಎಳೆಯುವುದು ಅದೇ 6 ಲೀಟರ್. ಚೀಲಗಳಿಗೆ ತಲುಪುವುದು 4 ಲೀಟರಿಗೂ ಹೆಚ್ಚು. ಕಾಯಿಲೆಯವರ ಲೆಕ್ಕ ಇಷ್ಟು ಸರಳವಾಗಿರುವುದಿಲ್ಲ, ಆದರೆ ಅವಸರದ ಉಸಿರು ದುಡಿದಷ್ಟು ಗಳಿಸುವುದಿಲ್ಲ ಎಂಬುದು ಇದರಿಂದ ಮನದಟ್ಟಾಗುತ್ತದೆ.

ಎರಡನೆಯದು ಹೊಟ್ಟೆಯ ಉಸಿರು. ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಕ್ಕುಳಿನ ಮೇಲ್ಭಾಗದಲ್ಲಿ ಇಟ್ಟುಕೊಂಡು, ಎಳೆದಾಗ ಕೆಳಗಿನ ಕೈ ಮೇಲೇಳುವಂತೆ, ಬಿಟ್ಟಾಗ ಕೆಳಗಿಳಿಯುವಂತೆ ಉಸಿರಾಡುವುದು. ಆಸ್ತಮಾ ಇರುವವರಿಗೆ, ಗಾಬರಿಯಿಂದ ಮೇಲುಸಿರು ಬಿಡುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಸಿಓಪಿಡಿ ಬಹಳ ಮುಂದುವರಿದು ಎದೆಯು ಪೀಪಾಯಿಯಂತೆ ಉಬ್ಬಿಕೊಂಡವರಲ್ಲಿ ವಪೆಯು ಆಗಲೇ ಚಪ್ಪಟೆಯಾಗಿ ಕೆಳಗಿಳಿದಿರುತ್ತದೆ, ಇನ್ನೂ ಕೆಳಗಿಳಿಯಲು ಅದಕ್ಕೆ ಎಡೆಯಿರುವುದಿಲ್ಲ. ಅವರನ್ನು ಹೊಟ್ಟೆಯಿಂದಲೇ ಉಸಿರಾಡಿ ಎಂದು ಒತ್ತಾಯಿಸಿದರೆ ದಮ್ಮು ಹೆಚ್ಚುತ್ತದೆ. ಮಾಡಿ ನೋಡಿದಾಗ ಹಿತವೆನಿಸಿದರೆ ಮುಂದುವರಿಸಬೇಕು, ಇಲ್ಲವಾದರೆ ಬಿಡಬೇಕು. ತುಟಿಯ ಉಸಿರು ಸಾಕು.

ಕುಳಿತುಕೊಳ್ಳುವ, ನಿಂತುಕೊಳ್ಳುವ ರೀತಿಯೂ ಔಷಧದಷ್ಟೇ ಬೆಲೆಯುಳ್ಳದ್ದು. ನನ್ನ ತಾಯಿ ಆ ರಾತ್ರಿ ಮಂಚದ ಪಟ್ಟಿಗೆ ಕೈ ಊರಿದ್ದರೆಂದು ಹೇಳಿದೆನಲ್ಲ, ಅದನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ತೋಳುಗಳಿಗೆ ಆಸರೆ ಸಿಕ್ಕರೆ ಕುತ್ತಿಗೆ ಮತ್ತು ಎದೆಯ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ, ಮುಂದಕ್ಕೆ ಬಾಗಿದರೆ ವಪೆಗೆ ಕೆಲಸ ಸುಲಭವಾಗುತ್ತದೆ ಎಂಬುದನ್ನು ದೇಹವೇ ಕಂಡುಕೊಂಡಿತ್ತು. ಕುರ್ಚಿಯ ಮೇಲೆ ಕುಳಿತು ಮೊಣಕೈಗಳನ್ನು ತೊಡೆಯ ಮೇಲೆ ಊರಿ ಮುಂದೆ ಬಾಗಬಹುದು. ಮೇಜಿನ ಮೇಲೆ ಎರಡು ದಿಂಬು ಇಟ್ಟು ಅದಕ್ಕೆ ತಲೆ, ತೋಳು ಒರಗಿಸಬಹುದು. ದಾರಿಯಲ್ಲಿದ್ದರೆ ಗೋಡೆಗೆ ಬೆನ್ನು ಕೊಟ್ಟು, ಪಾದಗಳನ್ನು ಗೋಡೆಯಿಂದ ಗೇಣು ದೂರ ಇಟ್ಟು, ಕೈಗಳನ್ನು ತೊಡೆಯ ಮೇಲೆ ಇಟ್ಟು ನಿಲ್ಲಬಹುದು. ಮನೆಯವರು ಇಂಥ ಹೊತ್ತಿನಲ್ಲಿ “ಮಲ್ಕೋ, ಮಲ್ಕೋ” ಎಂದು ಅಂಗಾತ ಮಲಗಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಬೀಸಣಿಕೆ. ಇದನ್ನು ಹೇಳಿದಾಗ ಜನ ಮೊದಲು ನಂಬುವುದಿಲ್ಲ. ಮುಖದ ಮೇಲೆ, ಮುಖ್ಯವಾಗಿ ಮೂಗಿನ ಎರಡೂ ಪಕ್ಕ ಮತ್ತು ಮೇಲ್ದುಟಿಯ ಮೇಲೆ ತಂಪು ಗಾಳಿ ಬಿದ್ದರೆ ಅಲ್ಲಿನ ಟ್ರೈಜೆಮಿನಲ್ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿ ಉಸಿರು ಕಟ್ಟಿದ ಅನುಭವ ಕಡಿಮೆಯಾಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಫ್ಯಾನುಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಮುಖಕ್ಕೆ ಗಾಳಿ ಹಾಕಿದಾಗ ಸಿಕ್ಕ ನೆಮ್ಮದಿ ಕಾಲಿಗೆ ಹಾಕಿದಾಗ ಸಿಗಲಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ, ಕರೆಂಟು ಯಾವಾಗ ಹೋಗುವುದೋ ತಿಳಿಯದ ನಮ್ಮ ಊರುಗಳಲ್ಲಿ ಪ್ರತಿ ಮನೆಯ ಮೂಲೆಯಲ್ಲಿ ಇನ್ನೂ ಒಂದು ಬೀಸಣಿಕೆ ಇರುತ್ತದೆ. ಅದನ್ನು ದಮ್ಮಿನವರ ದಿಂಬಿನ ಪಕ್ಕಕ್ಕೆ ತಂದಿಡಿ. ದಮ್ಮು ಹತ್ತಿದವರು ತಾವೇ ಬೀಸಿಕೊಳ್ಳುವ ಶ್ರಮ ಪಡಬಾರದು, ಪಕ್ಕದಲ್ಲಿದ್ದವರು ಗೇಣು ದೂರದಿಂದ ಮುಖಕ್ಕೆ ಮೆಲ್ಲಗೆ ಬೀಸಬೇಕು.

ದಿನದ ಕೆಲಸದಲ್ಲಿ ಉಸಿರನ್ನು ಹೊಂದಿಸಿಕೊಳ್ಳುವುದು ಮುಂದಿನ ಹಂತ. ನಾವು ಭಾರ ಎತ್ತುವಾಗ, ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ, ಮೆಟ್ಟಿಲು ಹತ್ತುವಾಗ ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಅದನ್ನು ತಿರುಗಿಸಬೇಕು: ಶ್ರಮ ಬೀಳುವ ಗಳಿಗೆಯಲ್ಲಿ ಉಸಿರು ಹೊರಗೆ ಹೋಗುತ್ತಿರಬೇಕು. ಕೊಡದ ಮುಂದೆ ನಿಂತು ಉಸಿರೆಳೆದು, ಎತ್ತುವಾಗ ತುಟಿಯಿಂದ ಬಿಡುತ್ತ ಎತ್ತಬೇಕು. ಮೆಟ್ಟಿಲ ಬುಡದಲ್ಲಿ ನಿಂತು ಉಸಿರೆಳೆದು, ಬಿಡುತ್ತ ಎರಡು ಮೆಟ್ಟಿಲು ಹತ್ತಿ, ನಿಂತು ಮತ್ತೆ ಎಳೆಯಬೇಕು. ಸಮದಾರಿಯಲ್ಲಿ ನಡೆಯುವಾಗ ಎರಡು ಹೆಜ್ಜೆಗೆ ಎಳೆದು ನಾಲ್ಕು ಹೆಜ್ಜೆಗೆ ಬಿಡಬೇಕು. ನಿವೃತ್ತ ಶಿಕ್ಷಕರೊಬ್ಬರು ಮನೆಯ ಅಂಗಳ ದಾಟಲೂ ಹೆದರುತ್ತಿದ್ದವರು ಈ ಲೆಕ್ಕ ಹಿಡಿದು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಅಪ್ಪನ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ಅಡ್ಡಾಡತೊಡಗಿದರು. ಅವರ ಶ್ವಾಸಕೋಶ ಹೊಸದಾಗಲಿಲ್ಲ, ಸ್ಪೈರೋಮೆಟ್ರಿಯ ಅಂಕಿಗಳು ಇದ್ದಲ್ಲೇ ಇದ್ದವು. ಕಾಲಿನ ಸ್ನಾಯುಗಳು ಬಲಗೊಂಡವು, ಅದೇ ನಡಿಗೆಗೆ ಬೇಕಾಗುವ ಉಸಿರು ಕಡಿಮೆಯಾಯಿತು, ಹೆದರಿಕೆ ಇಳಿಯಿತು. ಶ್ವಾಸಕೋಶ ಪುನಶ್ಚೇತನ ಎಂದು ನಾವು ಕರೆಯುವ ಚಿಕಿತ್ಸೆಯ ತಿರುಳು ಇದೇ. ಅದು ಸಾಮಾನ್ಯವಾಗಿ 6ರಿಂದ 12 ವಾರ ನಡೆಯುತ್ತದೆ, ಉಸಿರಿನ ವ್ಯಾಯಾಮದ ಜೊತೆಗೆ ನಡಿಗೆ ಮತ್ತು ಕೈಕಾಲುಗಳ ವ್ಯಾಯಾಮ ಅದರಲ್ಲಿ ಸೇರಿರುತ್ತದೆ. ದಮ್ಮು ಹತ್ತುತ್ತದೆಂದು ಹೆದರಿ ಹಾಸಿಗೆ ಹಿಡಿದವರ ದಮ್ಮು ಹೆಚ್ಚುತ್ತಲೇ ಹೋಗುತ್ತದೆ ಎಂಬುದನ್ನು ನಾನು ಕಣ್ಣಾರೆ ಎಷ್ಟೋ ಸಲ ಕಂಡಿದ್ದೇನೆ.

ಕಫ ಕಟ್ಟಿಕೊಂಡವರು ಒಂದೇ ಸಮನೆ ಕೆಮ್ಮಿ ಸುಸ್ತಾಗುವ ಬದಲು, ಮೂರ್ನಾಲ್ಕು ನಿಧಾನದ ಉಸಿರಿನ ನಂತರ, ಕನ್ನಡಕದ ಗಾಜು ಒರೆಸಲು ಬಾಯಿಂದ ಆವಿ ಹಾಕುವಂತೆ ಗಂಟಲು ತೆರೆದು ‘ಹಾ’ ಎಂದು ಒಂದೆರಡು ಸಲ ಉಸಿರು ಬಿಟ್ಟರೆ ಕಫ ಮೇಲೆ ಬರುತ್ತದೆ, ಆಮೇಲೆ ಒಂದು ಕೆಮ್ಮು ಸಾಕಾಗುತ್ತದೆ.

ಪ್ರಾಣಾಯಾಮದ ಬಗ್ಗೆ ಕೇಳದೆ ನನ್ನನ್ನು ಯಾರೂ ಬಿಡುವುದಿಲ್ಲ, ಕೇಳಲೂಬೇಕು. ಪ್ರಾಣಾಯಾಮವನ್ನು ನಾನು ಗೌರವಿಸುತ್ತೇನೆ, ಅದರಲ್ಲಿ ಯಾವುದು ಯಾರಿಗೆ ಎಂಬುದನ್ನು ನೋಡಬೇಕೆಂದಷ್ಟೇ ಹೇಳುತ್ತೇನೆ. ಭ್ರಾಮರಿ ಒಳ್ಳೆಯದು, ಏಕೆಂದರೆ ತುಂಬಿಯಂತೆ ಗುಂಯ್‌ಗುಟ್ಟುತ್ತ ಬಿಡುವ ಉಸಿರು ತಾನಾಗಿಯೇ ಉದ್ದವಾಗುತ್ತದೆ. ಅನುಲೋಮ ವಿಲೋಮವನ್ನು ಉಸಿರು ತಡೆಹಿಡಿಯದೆ, ಒತ್ತಾಯವಿಲ್ಲದೆ ಮಾಡಬಹುದು. ಕಪಾಲಭಾತಿ, ಭಸ್ತ್ರಿಕಾಗಳು ರಭಸದವು. ದಮ್ಮು ಇರುವವರು, ಹೃದ್ರೋಗ ಮತ್ತು ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಗರ್ಭಿಣಿಯರು ಟೀವಿ ನೋಡಿಕೊಂಡು ಇವನ್ನು ಮಾಡಬಾರದು. ಉಸಿರನ್ನು ಕಟ್ಟಿಹಿಡಿಯುವ ಕುಂಭಕವೂ ಅವರಿಗೆ ಬೇಡ. ನಮ್ಮ ಕಡೆಯ ಭಜನೆಯ ಹಾಡುಗಾರರನ್ನು ಗಮನಿಸಿ: ಅವರು ಚುಟುಕಾಗಿ ಉಸಿರೆಳೆದು ತತ್ವಪದದ ಒಂದಿಡೀ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಿ ಮುಗಿಸುತ್ತಾರೆ. ಅದೂ ಉಸಿರು ಬಿಡುವ ಅಭ್ಯಾಸವೇ. ದಮ್ಮು ಬಂತೆಂದು ಭಜನೆಗೆ ಹೋಗುವುದನ್ನು ಬಿಟ್ಟವರು ಹಿಂದಿನ ಸಾಲಿನಲ್ಲಿ ಕುಳಿತಾದರೂ ಮತ್ತೆ ದನಿಗೂಡಿಸಲಿ ಎಂಬುದು ನನ್ನ ಆಸೆ.

ಗಾಬರಿಯ ಬಗ್ಗೆ ಎರಡು ಮಾತು. ಇನ್ನೂ ಉಸಿರಾಡು ಎಂದು ನಮ್ಮ ಮಿದುಳಿಗೆ ಹೇಳುವುದು ಬಹುಮಟ್ಟಿಗೆ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಗಾಬರಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದರೆ ಅದು ತೀರ ಇಳಿದು ತಲೆ ತಿರುಗುತ್ತದೆ, ತುಟಿ ಬೆರಳುಗಳು ಜುಮ್ಮೆನ್ನುತ್ತವೆ. ಅದನ್ನು ಕಂಡು ಗಾಬರಿ ಮತ್ತಷ್ಟು ಹೆಚ್ಚುತ್ತದೆ. ಈ ಸುತ್ತನ್ನು ಕಡಿಯಲು ಉದ್ದದ ಹೊರ ಉಸಿರೇ ಸಾಧನ. ಬಾಯಿಗೆ ಚೀಲ ಹಿಡಿದು ಉಸಿರಾಡುವ ಹಳೆಯ ಉಪಾಯವನ್ನು ಮಾತ್ರ ಮಾಡಬಾರದು, ಏಕೆಂದರೆ ಗಾಬರಿಯಂತೆ ಕಂಡದ್ದು ಹೃದಯಾಘಾತವೋ ಆಸ್ತಮಾವೋ ಆಗಿದ್ದರೆ ಅದು ಅಪಾಯ.

2020ರ ಮಾರ್ಚ್‌ನಲ್ಲಿ ಕೊರೋನಾದಿಂದ ದೇಶದ ಮೊದಲ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ. ಆ ನೋವಿನ ದಿನಗಳ ನಂತರ ನಮ್ಮ ಮನೆಗಳಿಗೆ ಎರಡು ಸಾಧನಗಳು ಬಂದು ನೆಲೆಸಿದವು. ಒಂದು ಆಕ್ಸಿಮೀಟರ್. ಅದರಲ್ಲಿ 97 ಕಂಡರೂ ದಮ್ಮು ಇರಬಹುದು, ಏಕೆಂದರೆ ದಮ್ಮು ಬರಲು ಆಮ್ಲಜನಕ ಕಡಿಮೆಯಾಗಲೇಬೇಕೆಂದಿಲ್ಲ; ಆದ್ದರಿಂದ ಅಂಕಿ ತೋರಿಸಿ “ನಿನಗೇನೂ ಆಗಿಲ್ಲ” ಎಂದು ಹಿರಿಯರ ಬಾಯಿ ಮುಚ್ಚಿಸಬೇಡಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಬಹುದು ಎಂಬುದೂ ಗೊತ್ತಿರಲಿ. ಇನ್ನೊಂದು ಮೂರು ಚೆಂಡುಗಳ ಸಾಧನ. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ನಂತರ ಮುದುಡಿದ ಶ್ವಾಸಕೋಶವನ್ನು ಅರಳಿಸಲು ಉಸಿರನ್ನು ಎಳೆಯುವ ಸಾಧನ. ಸಿಓಪಿಡಿಯಿಂದ ಗಾಳಿ ಆಗಲೇ ಒಳಗೆ ತುಂಬಿಕೊಂಡವರು ಮೊಮ್ಮಕ್ಕಳ ಜೊತೆ ಪಂದ್ಯ ಕಟ್ಟಿ ಮೂರೂ ಚೆಂಡು ಏರಿಸುವುದರಿಂದ ಆಗುವ ಲಾಭವೇನೂ ಇಲ್ಲ.

ಉಸಿರಿನ ವ್ಯಾಯಾಮಕ್ಕೆ ಎಲ್ಲೆಯಿದೆ. ಆಸ್ತಮಾ ಇರುವ ವಯಸ್ಕರ ಮೇಲಿನ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಇವುಗಳಿಂದ ದಿನನಿತ್ಯದ ಬದುಕು ಸುಧಾರಿಸುವುದು ಕಾಣುತ್ತದೆ. ಕೊಳವೆಗಳ ಕಾಯಿಲೆ ಇದರಿಂದ ವಾಸಿಯಾಗುವುದಿಲ್ಲ. ಆದ್ದರಿಂದ ಇನ್‌ಹೇಲರ್ ಬಿಟ್ಟು ವ್ಯಾಯಾಮ ಹಿಡಿಯುವುದು ಸರಿಯಲ್ಲ. ಆಸ್ತಮಾ ಕೆರಳಿದಾಗ ಮೊದಲು ವೈದ್ಯರು ಹೇಳಿದ ಇನ್‌ಹೇಲರ್, ಅದರ ಜೊತೆಜೊತೆಗೆ ಉಸಿರು. ಪಂಪು ಹಿಡಿದರೆ ಬಿಡಿಸಲಾಗದ ಚಟವಾಗುತ್ತದೆಂಬ ಮಾತು ನಮ್ಮಲ್ಲಿ ಬಹಳ ಹಬ್ಬಿದೆ, ಅದು ಸುಳ್ಳು. ಬೀಡಿ ಬಿಡದೆ, ಒಲೆಯ ಹೊಗೆ ತಪ್ಪದೆ ಯಾವ ವ್ಯಾಯಾಮವೂ ಕಾಯಿಲೆಯ ಓಟವನ್ನು ತಡೆಯಲಾರದು ಎಂಬುದನ್ನೂ ಹೇಳಲೇಬೇಕು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅಡುಗೆ ಮನೆಗೆ ಸಿಲಿಂಡರ್ ಬಂದಿದೆ, ಆದರೆ ಎಷ್ಟೋ ಮನೆಗಳಲ್ಲಿ ಗ್ಯಾಸು ಚಹಾಕ್ಕೆ ಮಾತ್ರ, ರೊಟ್ಟಿಗೆ ಮತ್ತು ಸ್ನಾನದ ನೀರಿಗೆ ಒಲೆಯೇ. ದಮ್ಮು ಇರುವ ತಾಯಿಯನ್ನು ಆ ಒಲೆಯ ಮುಂದಿನಿಂದ ಎಬ್ಬಿಸುವ ಹೊಣೆ ಮನೆಯ ಗಂಡಸರದು.

ಕೆಲವು ಲಕ್ಷಣಗಳು ಕಂಡರೆ ವ್ಯಾಯಾಮದ ಮಾತೇ ಬೇಡ: ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ದಮ್ಮು, ತುಟಿ ಉಗುರು ನೀಲಿಗಟ್ಟುವುದು, ಎದೆನೋವು, ಕೆಮ್ಮಿದಾಗ ರಕ್ತ, ಮಂಪರು, ಯಾವ ಸೂಚನೆಯೂ ಇಲ್ಲದೆ ಒಮ್ಮೆಲೇ ಬಂದ ಏದುಸಿರು. ಆಗ 108ಕ್ಕೆ ಫೋನ್ ಮಾಡಬೇಕು, ಅದು ಬರುವವರೆಗೆ ಮುಂದೆ ಬಾಗಿಸಿ ಕೂಡಿಸಬೇಕು.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ದಿನಕ್ಕೆ ಎಷ್ಟು ಸಲ ಎಂದು ಕೇಳಿದವರಿಗೆ, ದಿನಕ್ಕೆ ಮೂರು ಸಲ, ಸಲಕ್ಕೆ ಐದು ನಿಮಿಷ, ಆರಾಮಾಗಿ ಇರುವ ಹೊತ್ತಿನಲ್ಲಿ ಮಾಡಿ ಎಂದು ಹೇಳಿದೆ. ಈಜನ್ನು ದಡದ ಬಳಿ ಕಲಿಯುವಂತೆ ಇದನ್ನು ದಮ್ಮು ಇಲ್ಲದಾಗ ಕಲಿತರೆ ಮಾತ್ರ ದಮ್ಮು ಬಂದಾಗ ಕೈಗೆ ಸಿಗುತ್ತದೆ.

ಕೊನೆಯಲ್ಲಿ ಹಿಂದಿನ ಸಾಲಿನ ತಾಯಿಯೊಬ್ಬರು ಎದ್ದು ನಿಂತು, “ನಮ್ಮ ಮನಿಯವ್ರು ನಡುರಾತ್ರಿ ದಮ್ಮು ಹತ್ತಿ ಏಳ್ತಾರ್ರಿ, ಹೇಳಿದ್ದು ಅವ್ರ ಕಿವಿಗೇ ಬೀಳಂಗಿಲ್ಲ, ನಾ ಏನ್ ಮಾಡ್ಲಿ?” ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಹೆದರಬೇಡಿ ಎಂದು ಹೇಳಲು ಹೋಗಬೇಡಿ, ಆ ಮಾತು ಆ ಹೊತ್ತಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ದೀಪ ಹಾಕಿ, ಕಾಲು ಕೆಳಗಿಳಿಸಿ ಕೂಡಿಸಿ, ತೊಡೆಯ ಮೇಲೆ ದಿಂಬು ಇಟ್ಟು ಮುಂದೆ ಬಾಗಿಸಿ, ಇನ್‌ಹೇಲರ್ ಕೊಡಿ, ಬೀಸಣಿಕೆ ಬೀಸಿ. ಆಮೇಲೆ ಅವರ ಎದುರಿಗೆ ಕುಳಿತು, ಅವರ ಕಣ್ಣಿಗೆ ಕಾಣುವಂತೆ ನೀವೇ ತುಟಿ ಕೂಡಿಸಿ ಉಸಿರು ಬಿಡತೊಡಗಿ. ಮೊದಲು ಅವರ ವೇಗಕ್ಕೆ ನಿಮ್ಮ ಉಸಿರನ್ನು ಹೊಂದಿಸಿಕೊಳ್ಳಿ, ಬಳಿಕ ಬಿಡುವ ಉಸಿರನ್ನು ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ ಒಯ್ಯಿರಿ, ಅವರು ಹಿಂದೆಯೇ ಬರುತ್ತಾರೆ. ಹತ್ತು ನಿಮಿಷದಲ್ಲಿ ಇಳಿಯದಿದ್ದರೆ, ನಡುವೆ ಹೆಚ್ಚಿದರೆ ಅಷ್ಟೂ ಕಾಯದೆ, ಆಸ್ಪತ್ರೆಗೆ ಹೊರಡಿ. ಗಾಡಿಯಲ್ಲಿಯೂ ಅವರ ಎದುರಿಗೇ ಕುಳಿತು ಉಸಿರು ಬಿಡುತ್ತಿರಿ.